ಕರೆಯದೆ ಬರುವ ದಿನ

ನಮ್ಮ ಶಾಲೆಯ ಕೋಚ್ ಸರ್ ತೀರಿಕೊಂಡ ಸುದ್ದಿ ನನ್ನ ಮಗಳ ಫೋನಿಗೆ ಬಂತು. ದೀಪಾವಳಿ ಮುಗಿದು ಒಂದು ವಾರವಾಗಿತ್ತು. ಅವರ ಅಕ್ಕ ಇಂಗ್ಲಿಷ್ ಬಲ್ಲ ಯಾರಿಂದಲೋ ನಾಲ್ಕು ಸಾಲು ಬರೆಸಿ ಕಳಿಸಿದ್ದರು. ಮಗಳು ಮೊದಲು ತಾನೊಬ್ಬಳೇ ಓದಿಕೊಂಡಳು. ಆಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಅಪ್ಪಾ, ಉಂಡು ಮುಗ್ಸು, ಒಂದು ಮಾತು ಐತೆ" ಅಂದಳು. ಹಾಗೆಂದ ಮೇಲೆ ಯಾರು ಉಣ್ಣುತ್ತಾರೆ. ಬೆಳಿಗ್ಗೆ ತಮ್ಮೂರಿನ ಹೊಳೆಯ ದಂಡೆಯಲ್ಲಿ ನಡೆಯಲು ಹೋದವರು ಒಂದು ಬೆಂಚಿನ ಮೇಲೆ ಕೂತರಂತೆ, ಮತ್ತೆ ಏಳಲಿಲ್ಲವಂತೆ. ಮಣ್ಣಾಗಿಯೂ ಎರಡು ದಿನವಾಗಿತ್ತು.

ನಮ್ಮ ಕಡೆ ಸಾವಿನ ಸುದ್ದಿ ಬಂದರೆ ಕೈಕಾಲಿಗೆ ಕೆಲಸ ಸಿಗುತ್ತದೆ. ಬಸ್ಸು ಹತ್ತಬೇಕು, ಹಾರ ತರಬೇಕು, ಕುಣಿ ತೋಡುವವರಿಗೆ ಹೇಳಬೇಕು, ಮೂರನೆಯ ದಿನಕ್ಕೆ ಏನು ಎತ್ತ ಎಂದು ವಿಚಾರಿಸಬೇಕು. ಆ ಓಡಾಟದಲ್ಲೇ ಅರ್ಧ ದುಃಖ ಇಳಿದುಹೋಗುತ್ತದೆ. ಈ ಸಾವಿನಲ್ಲಿ ನನಗೆ ಮಾಡಲು ಒಂದು ಕೆಲಸವೂ ಇರಲಿಲ್ಲ. ತಟ್ಟೆ ತೊಳೆದಿಟ್ಟು ಹೊರಗೆ ಕಟ್ಟೆಯ ಮೇಲೆ ಕೂತೆ. ಅವರಿಗೆ ಹೇಳಬೇಕಾದ ಒಂದು ಮಾತು ನನ್ನಲ್ಲೇ ಉಳಿದುಬಿಟ್ಟಿತ್ತು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಓದಿದವನು ನಾನು, ತಿಳಿದಂತೆ ಬರೆಯುತ್ತೇನೆ.

ಅವರು ಸರ್ಬಿಯಾ ದೇಶದವರು. ಫುಟ್‌ಬಾಲ್ ಆಡುವುದು ಅವರ ಕಸುಬು. ಆಡಿ ಆಡಿ ಮೊಣಕಾಲು ಸವೆದ ಮೇಲೆ ಆಟ ಕಲಿಸಲು ಹೊರಟರು. ಹರಿಹರದಿಂದ ದಾವಣಗೆರೆಗೆ ಹೋಗುವ ರಸ್ತೆಯಲ್ಲಿರುವ ಒಂದು ಖಾಸಗಿ ಶಾಲೆಯವರು ಅವರನ್ನು ಗೋವಾದಿಂದ ಕರೆತಂದರು. ಆ ಶಾಲೆಯ ಮೈದಾನ ನೋಡಿಕೊಳ್ಳುವವನು ನಾನು. ಹುಲ್ಲಿಗೆ ನೀರು, ಗೆರೆಗೆ ಸುಣ್ಣ, ಚೆಂಡಿಗೆ ಗಾಳಿ, ಇಷ್ಟು ನನ್ನ ಕೆಲಸ. ಆರು ವರ್ಷ ನಾವಿಬ್ಬರೂ ಹರಿಹರದಿಂದ ಒಂದೇ ಬಸ್ಸಿನಲ್ಲಿ ಹೋಗಿಬಂದೆವು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಹಿಡಿದು ನಾನು ಅವರನ್ನು ಒಮ್ಮೆಯೂ ಕರೆದವನಲ್ಲ. ನನಗೆ ಅವರು ಕೋಚ್ ಸರ್, ಅವರಿಗೆ ನಾನು ಅಣ್ಣ. ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ದೊಡ್ಡವರು. ಆದರೆ ಶಾಲೆಯ ಮಕ್ಕಳೆಲ್ಲ ನನ್ನನ್ನು ಅಣ್ಣ ಅನ್ನುತ್ತಿದ್ದರು, ಅದೇ ನನ್ನ ಹೆಸರೆಂದು ಅವರು ತಿಳಿದಿದ್ದರು. ಆಮೇಲೆ ಹಾಗಲ್ಲ ಎಂದು ಗೊತ್ತಾದರೂ ಬಿಡಲಿಲ್ಲ.

ಬಂದ ಮೊದಲ ದಿನ ಅವರು ಚೆಂಡು ಕೇಳಲಿಲ್ಲ. ಬೂಟು, ಕಾಲುಚೀಲ ಬಿಚ್ಚಿ ಬರಿಗಾಲಲ್ಲಿ ಮೈದಾನದ ಈ ತುದಿಯಿಂದ ಆ ತುದಿಗೆ ನಡೆದರು. ನಡುನಡುವೆ ಬಗ್ಗಿ ಏನೋ ಹೆಕ್ಕುತ್ತಿದ್ದರು. ಮರಳಿ ಬಂದು ನನ್ನ ಅಂಗೈ ಬಿಡಿಸಿ ಒಂದು ಹಿಡಿ ಬೆಣಚುಕಲ್ಲು ಸುರಿದರು. ನಾನು ಆ ಮೈದಾನವನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದವನು. ಮುಖಕ್ಕೆ ಹೊಡೆದಂತಾಯಿತು. ಮರುದಿನದಿಂದ ಪ್ರತಿ ಅಭ್ಯಾಸಕ್ಕೆ ಮೊದಲು ಇಡೀ ತಂಡ ಒಂದು ಸಾಲಾಗಿ ನಿಂತು, ಅಕ್ಕಿ ಆರಿಸುವವರ ಹಾಗೆ ಕಣ್ಣು ನೆಲಕ್ಕೆ ನೆಟ್ಟು ನಡೆಯುವುದು ರೂಢಿಯಾಯಿತು. ಕಲ್ಲೆಲ್ಲ ಮೂಲೆಯ ಬೇವಿನ ಮರದ ಬುಡಕ್ಕೆ. ಆರು ವರ್ಷದಲ್ಲಿ ಅಲ್ಲಿ ಕೂರುವಷ್ಟು ದೊಡ್ಡ ಗುಡ್ಡೆಯಾಗಿತ್ತು. ಒಮ್ಮೆ ತಡೆಯಲಾರದೆ ಕೇಳಿದೆ.

"ಸರ್, ದಿನಾ ಆರಿಸ್ತೀವಿ. ದಿನಾ ಎಲ್ಲಿಂದ ಬರ್ತಾವ್ರಿ ಇವು?"

"ಕಲ್ಲು ಬೆಳೆಯುತ್ತೆ ಅಣ್ಣ. ಹನ್ನೊಂದು ದೇಶ ನೋಡಿದ್ದೀನಿ. ಎಲ್ಲಾ ಕಡೆ ಬೆಳೆಯುತ್ತೆ."

ಹನ್ನೊಂದು ದೇಶ ಎಂಬುದು ನಿಜ. ಹದಿನೇಳನೆಯ ವಯಸ್ಸಿಗೆ ತಮ್ಮ ಊರಿನ ಕ್ಲಬ್ಬಿನಲ್ಲಿ ಶುರು ಮಾಡಿದವರು ಸೈಪ್ರಸ್, ಇರಾನ್, ಕಜಕಸ್ತಾನ, ವಿಯೆಟ್ನಾಂ, ಇಂಡೋನೇಷ್ಯಾ, ಇನ್ನೂ ನನಗೆ ನೆನಪಿಲ್ಲದ ಕೆಲವು ಕಡೆ ಆಡಿ, ಕೋಲ್ಕತ್ತಕ್ಕೆ ಬಂದು, ಗೋವಾದಲ್ಲಿ ಆಟ ಮುಗಿಸಿದರು. ದೊಡ್ಡ ಕ್ಲಬ್ ಯಾವುದೂ ಅಲ್ಲ. ಒಂದು ಕಡೆ ಎರಡು ವರ್ಷ, ಇನ್ನೊಂದು ಕಡೆ ಒಂದು ವರ್ಷ, ಒಂದು ಕಡೆ ಬರೀ ನಾಲ್ಕು ತಿಂಗಳು. "ಊರೂರು ಸುತ್ತೋ ಲೈನ್ ಲಾರಿ ಡ್ರೈವರ್ ಇದ್ದಂಗೆ ಸರ್ ನೀವು" ಅಂದಿದ್ದೆ. ಹೆದ್ದಾರಿಯ ಮೇಲೆ ಸಾಲಾಗಿ ನಿಂತ ಲಾರಿಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ, ತಲೆ ಅಲ್ಲಾಡಿಸಿ ನಕ್ಕಿದ್ದರು. ಆಮೇಲೆ ಯಾರಾದರೂ ಅವರ ಕಸುಬು ಕೇಳಿದರೆ ನನ್ನ ಕಡೆ ಕಣ್ಣು ಹೊಡೆದು "ಲಾರಿ" ಅನ್ನುತ್ತಿದ್ದರು.

ದೇಶಗಳನ್ನು ಅವರು ನೆನಪಿಟ್ಟುಕೊಂಡದ್ದು ಮೈದಾನದ ಲೆಕ್ಕದಲ್ಲಿ. ಇಂಥ ದೇಶದ ನೆಲ ಚಳಿಗೆ ಕಲ್ಲಾಗುತ್ತದೆ, ಬಿದ್ದರೆ ಚರ್ಮ ಅಲ್ಲೇ ಉಳಿಯುತ್ತದೆ. ಇಂಥ ದೇಶದಲ್ಲಿ ಮಳೆ ಬಂದರೆ ಚೆಂಡು ತೇಲುತ್ತದೆ, ಆದರೂ ಆಟ ನಿಲ್ಲಿಸುವುದಿಲ್ಲ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಮೊಣಕಾಲೂರಿ, ಬಿರುಕಿನೊಳಗೆ ಬೆರಳು ಇಳಿಸಿ ಆಳ ನೋಡುತ್ತಿದ್ದರು. ಇಬ್ಬರೂ ಬುಟ್ಟಿಯಲ್ಲಿ ಮರಳು ಹೊತ್ತು ತುಂಬುತ್ತಿದ್ದೆವು. ಕೋಚ್ ಬುಟ್ಟಿ ಹೊರುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅವರ ಜಾಗ ಹಿಂದಿನ ಸಾಲಿನ ನಡುವೆ. ಗೋಲು ಹೊಡೆಯುವವರಲ್ಲ, ಹೊಡೆಯಲು ಬಂದವನನ್ನು ತಡೆಯುವವರು. ಆ ಜಾಗದಲ್ಲಿ ನಿಂತವನಿಗೆ ಯಾವ ದೇಶಕ್ಕೆ ಹೋದರೂ ಜೊತೆಯವರಿಗೆ ಕೂಗಿ ಹೇಳಲು ಮೊದಲು ಮೂರು ಮಾತು ಬೇಕಂತೆ. ನಂದು, ಬಿಡು, ಹಿಂದೆ. ಕನ್ನಡದಲ್ಲಿ ಆ ಮೂರನ್ನೂ ಮೊದಲ ವಾರವೇ ನನ್ನಿಂದ ಕಲಿತರು. ಮೈದಾನದ ಆಚೆಗೂ ಅವನ್ನೇ ನಡೆಸಿದರು. ಹೋಟೆಲಿನ ಹುಡುಗ ಮಂಡಕ್ಕಿ-ಮೆಣಸಿನಕಾಯಿ ತಟ್ಟೆ ಹಿಡಿದು ಬಂದರೆ ಆ ಆರಡಿ ನಾಲ್ಕಂಗುಲದ ಆಳು ಎದ್ದು ನಿಂತು "ನಂದು!" ಎಂದು ಕೂಗುವರು. ಇಡೀ ಹೋಟೆಲು ತಿರುಗಿ ನೋಡುತ್ತಿತ್ತು. ಮಕ್ಕಳು ದೊಡ್ಡ ದೊಡ್ಡ ಆಟಗಾರರ ಹೆಸರು ಹೇಳಿ, "ಸರ್, ಇವರ ವಿರುದ್ಧ ಆಡಿದ್ದೀರಾ?" ಎಂದು ಕೇಳಿದರೆ, "ಇಲ್ಲ. ಅವನು ಬರಲಿಲ್ಲ. ಹೆದರಿದ" ಅನ್ನುವರು.

ಇನ್ನು ಒಂದು ಡಿಸೆಂಬರಿನ ಮಾತು.

ಅವರು ಬಂದ ವರ್ಷವೇ, ಡಿಸೆಂಬರ್ ನಡುವೆ ಒಂದು ದಿನ, ಒಳ್ಳೆಯ ಗೋಧಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮ ತಂದೆಯ ಕಾಲದಿಂದ ಗುರುತಿದ್ದ ಒಬ್ಬ ಧಾನ್ಯದ ವ್ಯಾಪಾರಿಯ ಅಂಗಡಿಗೆ ಕರೆದುಕೊಂಡು ಹೋದೆ. ಎಪ್ಪತ್ತರ ಹತ್ತಿರದ ಸಾಹುಕಾರರು, ಹಣೆ ತುಂಬ ವಿಭೂತಿ, ಗಾದಿಯ ಮೇಲೆ ಕೂತಿದ್ದರು. ಕೋಚ್ ಸರ್ ಗೋಧಿಯನ್ನು ಅಂಗೈ ಮೇಲೆ ಹರಡಿ, ಕಾಳು ಕಾಳಾಗಿ ನೋಡಿದರು.

"ಏನ್ ಮಾಡ್ತಾರಂತಪ್ಪ ಇಷ್ಟು ಗೋಧಿ?" ಎಂದು ಸಾಹುಕಾರರು ನನ್ನನ್ನು ಕೇಳಿದರು. ಉತ್ತರ ಕೋಚ್ ಸರ್ ಅವರೇ ಕೊಟ್ಟರು. ಶುಕ್ರವಾರ ನಮ್ಮ ಮನೆತನದ ಸಂತನ ದಿನ. ಗೋಧಿ ಬೇಯಿಸಿ, ಸಕ್ಕರೆ, ಅಕ್ರೋಟು ಹಾಕಿ ಕೊಡುತ್ತೇವೆ.

"ಓ, ನಮ್ಮ ಹುಗ್ಗಿ ಇದ್ದಂಗೆ! ಒಳ್ಳೇದಾಗ್ಲಿ ಬಿಡ್ರಿ" ಅಂದರು ಸಾಹುಕಾರರು. ಶಾಲೆಯ ಸ್ಟಾಫ್ ರೂಮಿನಲ್ಲೂ ಕೋಚ್ ಸರ್ ಇಷ್ಟನ್ನೇ ಹೇಳಿದರು, ಶುಕ್ರವಾರ ನಮ್ಮ ಸಂತನ ದಿನ ಎಂದು. ಎಲ್ಲರೂ ಕೈಕುಲುಕಿ ಶುಭಾಶಯ ಹೇಳಿದರು. ಬನ್ನಿ ಎಂದು ಅವರು ಯಾರಿಗೂ ಹೇಳಲಿಲ್ಲ. ಯಾರೂ ಹೋಗಲಿಲ್ಲ.

ನಮ್ಮಲ್ಲಿ ಕರೆಯುವುದು ಎಂದರೆ ಸಣ್ಣ ವಿಷಯವಲ್ಲ. ಮನೆಗೇ ಬಂದು, ಹೆಂಗಸರಿಗೆ ಕುಂಕುಮ ಕೊಟ್ಟು, "ಮನೆಮಂದಿಯೆಲ್ಲ ಬರ್ರಿ" ಎನ್ನಬೇಕು. ದಾರಿಯಲ್ಲಿ ಸಿಕ್ಕಾಗ ಹೇಳಿದ್ದು ಕರೆಯಲ್ಲ. ನನ್ನ ಮಾವ, ಕಾರ್ಡನ್ನು ಬೇರೆಯವರ ಕೈಯಲ್ಲಿ ಕಳಿಸಿದರು ಎಂಬ ಒಂದೇ ಕಾರಣಕ್ಕೆ, ಒಡಹುಟ್ಟಿದ ತಂಗಿಯ ಮನೆಯ ಮದುವೆಗೆ ಹೋಗದೆ ಉಳಿದವರು. ಕರೆಯದ ಮನೆಗೆ ಹಬ್ಬದ ದಿನ ಹೋಗುವುದೆಂದರೆ ನಮಗೆ ಮೈಮೇಲೆ ಬಟ್ಟೆ ಇಲ್ಲದೆ ಹೋದ ಹಾಗೆ.

ಶನಿವಾರ ಅವರು ಮೈದಾನಕ್ಕೆ ಬರಲಿಲ್ಲ. ಮಧ್ಯಾಹ್ನ ಮನೆಗೆ ಹೋದೆ. ಹರಿಹರದಲ್ಲಿ ಹೊಳೆಗೆ ಇಳಿಯುವ ಓಣಿಯಲ್ಲಿ ಅವರ ಬಾಡಿಗೆ ಮನೆ. ಬಾಗಿಲು ತೆರೆದಿತ್ತು. ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ಮೊಣಕಾಲು ತೆಂಗಿನಕಾಯಿ ಗಾತ್ರಕ್ಕೆ ಊದಿತ್ತು. ಮೇಜಿನ ಮೇಲೆ ಸಂತನ ಚಿಕ್ಕ ಚಿತ್ರಪಟ, ಉರಿದು ಮುಗಿದ ದೊಡ್ಡ ಮೇಣದ ಬತ್ತಿಯ ಬುಡ, ಮುರಿಯದ ದುಂಡನೆಯ ರೊಟ್ಟಿ. ಒಂದು ಬೋಗುಣಿ ತುಂಬ ಬೆಂದ ಗೋಧಿ, ಮೇಲೆ ಹರಡಿದ ಸಕ್ಕರೆಯಲ್ಲಿ ಒಂದು ಚಮಚದ ಗುರುತೂ ಇಲ್ಲ. ಪಕ್ಕದಲ್ಲಿ ಶಾಮಿಯಾನದ ಅಂಗಡಿಯಿಂದ ತಂದ ಇಪ್ಪತ್ತೈದು ಸ್ಟೀಲ್ ತಟ್ಟೆ, ಒಂದರ ಮೇಲೊಂದು.

"ಏನಾತ್ರಿ ಸರ್ ಕಾಲಿಗೆ?"

"ನಿಂತೆ."

"ಎಲ್ಲಿ?"

"ಇಲ್ಲೇ. ಬೆಳಿಗ್ಗೆ ಏಳು. ಸಂಜೆ ಎಂಟು."

"ಯಾಕ್ರಿ ಸರ್?"

"ಸಂತನ ದಿನ ಮನೆ ಯಜಮಾನ ಕೂರಬಾರದು. ಜನ ಬರ್ತಾರೆ. ನಿಂತು ಕೊಡಬೇಕು." ಜೋಡಿಸಿಟ್ಟ ತಟ್ಟೆಗಳ ಕಡೆ ನೋಡಿದರು. "ಅಣ್ಣ, ಎಲ್ಲರಿಗೂ ಸಿಟ್ಟಾ? ಮ್ಯಾಚ್ ಸೋತೆವು, ಅದಕ್ಕೆ?"

ಹಿಂದಿನ ವಾರ ನಮ್ಮ ಶಾಲೆಯ ತಂಡ ದಾವಣಗೆರೆಯಲ್ಲಿ ಐದು ಗೋಲು ತಿಂದು ಬಂದಿತ್ತು. ಅದನ್ನು ನಾವೆಲ್ಲ ಆಗಲೇ ಮರೆತಿದ್ದೆವು.

"ಸಿಟ್ಟು ಯಾಕ ಸರ್? ನೀವು ಕರೀಲೇ ಇಲ್ಲಲ್ರಿ!"

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. "ಕರೆಯೋದಾ?" ಅಂದರು. "ಕರೆಯಬಾರದು ಅಣ್ಣ."

ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ಉಳಿದದ್ದು ಕೈಸನ್ನೆ, ಹೀಗೆ ಅವರು ಹೇಳಿದ್ದು ಇದು. ಅವರ ನಾಡಿನಲ್ಲಿ ಪ್ರತಿ ಮನೆತನಕ್ಕೂ ಒಬ್ಬ ಸಂತ, ಅವನಿಗೊಂದು ದಿನ. ತಂದೆಯಿಂದ ಮಗನಿಗೆ ಬರುತ್ತದೆ. ಆ ದಿನ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬತ್ತಿ ಹಚ್ಚಿ, ಗೋಧಿ ಬೇಯಿಸಿ, ಬಾಗಿಲು ತೆರೆದು ಯಜಮಾನ ನಿಲ್ಲುತ್ತಾನೆ. ಪ್ರೀತಿಯಿದ್ದವರು ತಾವಾಗಿ ಬರುತ್ತಾರೆ. ಬಂದವರು ಮೊದಲು ಒಂದು ಚಮಚ ಗೋಧಿ ತಿನ್ನುತ್ತಾರೆ.

ಅವರ ಊರಿನ ಕ್ಲಬ್ ಒಂದು ವರ್ಷ ಕೆಳಗಿನ ದರ್ಜೆಗೆ ಇಳಿಯುವ ಅಂಚಿನಲ್ಲಿತ್ತಂತೆ. ಬೇಸಿಗೆಯಲ್ಲಿ ಕೊನೆಯ ಪಂದ್ಯ. ಸಮವಾಗಿ ಮುಗಿದಿದ್ದರೂ ಉಳಿಯುತ್ತಿದ್ದರು. ಮುಗಿಯಲು ಎರಡು ನಿಮಿಷವಿದ್ದಾಗ, ಹೊರಗೆ ಹೊಡೆಯಲು ಹೋದ ಚೆಂಡು ಅವರ ಕಾಲಿನಿಂದ ಅವರದೇ ಗೋಲಿನೊಳಗೆ ಹೋಯಿತು. ಊರಿನಲ್ಲಿ ಯಾರೂ ಒಂದು ಮಾತು ಅನ್ನಲಿಲ್ಲ. ಬೀದಿಯಲ್ಲಿ ಎಂದಿನಂತೆ ನಮಸ್ಕಾರ, ಎಂದಿನಂತೆ ನಗು. ಡಿಸೆಂಬರ್ ಬಂತು. ವರ್ಷವೂ ಅರವತ್ತು ಎಪ್ಪತ್ತು ಜನ ಬರುವ ಮನೆ. ಅವರ ಅಪ್ಪ ಬೆಳಿಗ್ಗೆಯಿಂದ ನಿಂತಿದ್ದರು. ಮೂವರು ಬಂದರು. ಅವರಲ್ಲಿ ಒಬ್ಬರು ಪಾದ್ರಿ.

"ಪಾದ್ರಿ ಬರಲೇಬೇಕು. ಅವರನ್ನು ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ" ಅಂದರು. ನಗಲು ನೋಡಿದರು. "ಅಪ್ಪ ಗೋಧಿ ಹಕ್ಕಿಗೆ ಹಾಕಿದರು. ನನಗೆ ಏನೂ ಹೇಳಲಿಲ್ಲ. ಜನವರಿಯಲ್ಲಿ ನಾನು ಸೈಪ್ರಸ್."

ಅಲ್ಲಿಂದ ಶುರುವಾದದ್ದು ಆ ಹನ್ನೊಂದು ದೇಶ. ಯಾವ ದೇಶದಲ್ಲಿದ್ದರೂ ಆ ದಿನ ಬಾಡಿಗೆ ಕೋಣೆಯಲ್ಲಿ ಬತ್ತಿ ಹಚ್ಚಿ ನಿಂತಿದ್ದಾರೆ. ಕೆಲವು ಕಡೆ ಜೊತೆಯ ಆಟಗಾರರು ಬಂದದ್ದುಂಟು, ಕೆಲವು ಕಡೆ ಯಾರೂ ಇಲ್ಲ. ನಾನು ಆ ಮಧ್ಯಾಹ್ನ ನಿಂತುಕೊಂಡೇ ಎರಡು ತಟ್ಟೆ ಗೋಧಿ ತಿಂದೆ. ದಿನ ಮುಗಿದಿದೆ, ಪರವಾಗಿಲ್ಲ, ಕೂತು ತಿನ್ನು ಎಂದರು. ನನಗೆ ಕೂರಲು ಆಗಲಿಲ್ಲ.

ಮರುವರ್ಷ ಮಂಡಿಪೇಟೆಗೆ ಹೋಗಿ ಸಾಹುಕಾರರಿಗೆ ಎಲ್ಲ ಬಿಡಿಸಿ ಹೇಳಿದೆ. "ಅವ್ರು ಕರಿಯಂಗಿಲ್ರಿ ಸಾವ್ಕಾರ್ರೆ. ಕರದ್ರೆ ಅದು ಹಬ್ಬನ ಅಲ್ಲಂತೆ."

"ಅಂದ್ರೆ ನಾವಾಗೇ ನಾಚ್ಕೆ ಬಿಟ್ಟು ಹೋಗಿ ನಿಂದ್ರಬೇಕಾ?"

"ಹೂಂನ್ರಿ."

"ಇದೊಳ್ಳೆ ತ್ರಾಸಾತಲ್ಲಪಾ" ಎಂದು ಅವರು ತಕ್ಕಡಿಯ ಕಡೆ ತಿರುಗಿದರು.

ನನ್ನ ಹೆಂಡತಿಯದೂ ಅದೇ ಮಾತು. "ಅಲ್ರೀ, ಕರೀದೆ ಹೆಂಗೆ ಹೋಗೋದು? ಓಣ್ಯಾಗಿನ ಮಂದಿ ಏನಂದಾರು?" ಎಂದು ಗೊಣಗುತ್ತಲೇ ಹೊಸ ಸೀರೆ ಉಟ್ಟಳು. ಮನೆಯ ಮುಂದೆ ಹೋಗಿ ಇಬ್ಬರೂ ಗೇಟಿನ ಹೊರಗೆ ನಿಂತೆವು. ನೀ ಮೊದಲು, ನೀವು ಮೊದಲು ಎಂದು ನೂಕಾಡುತ್ತಿದ್ದಾಗ ಅವರು ಬಾಗಿಲಿಗೆ ಬಂದರು. ನಮ್ಮನ್ನು ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಹೆಂಡತಿ ಒಂದು ಚಮಚ ಗೋಧಿ ಬಾಯಿಗಿಟ್ಟು, ಅಗಿದು, ನನ್ನ ಕಿವಿಯಲ್ಲಿ, "ತುಪ್ಪನೇ ಇಲ್ಲ, ಎಂಥಾ ಹುಗ್ಗಿರಿ ಇದು!" ಅಂದಳು. ಆ ದಿನಗಳಲ್ಲಿ ಅವರ ಧರ್ಮದವರಿಗೆ ಉಪವಾಸದ ಕಟ್ಟು. ಹಾಲು, ತುಪ್ಪ, ಮಾಂಸ ಒಂದೂ ಇಲ್ಲ. ಹಾಗಾಗಿ ನಮ್ಮಂಥವರು ಅಳುಕಿಲ್ಲದೆ ಉಣ್ಣಬಹುದಾದ ಊಟವೇ ಆಗಿತ್ತು.

ಸ್ವಲ್ಪ ಹೊತ್ತಿಗೆ ಆಟೋ ಬಂದು ನಿಂತಿತು. ಮಂಡಿಪೇಟೆಯ ಸಾಹುಕಾರರು ಇಳಿದರು. ಒಳಗೆ ಬರುತ್ತಲೇ, ಯಾರೂ ಕೇಳದಿದ್ದರೂ, "ಹರಿಹರದಾಗೆ ಸ್ವಲ್ಪ ಕೆಲ್ಸ ಇತ್ತು. ಹಂಗೇ ಈ ಕಡೆ ಬಂದೆ" ಅಂದರು. ಆಮೇಲೆ ಪ್ರತಿ ಡಿಸೆಂಬರಿನಲ್ಲೂ ಆ ದಿನ ಅವರಿಗೆ ಹರಿಹರದಲ್ಲಿ ಸ್ವಲ್ಪ ಕೆಲಸ ಇರುತ್ತಿತ್ತು.

ಇವರ ಪದ್ಧತಿ ನಮಗೆ ತಿಳಿಯದಂತೆ ನಮ್ಮದು ಇವರಿಗೆ ತಿಳಿಯಲಿಲ್ಲ. ಸಾಹುಕಾರರು ಹೊಸ ಮನೆ ಕಟ್ಟಿಸಿ, ಕರೆಯಲೆಂದು ಆ ವಯಸ್ಸಿನಲ್ಲಿ ಶಾಲೆಯವರೆಗೆ ಬಂದು ಬಿಸಿಲಲ್ಲಿ ನಿಂತರು. "ಯಾಕೆ ಬಂದಿರಿ? ನನಗೆ ಗೊತ್ತು. ನಾನು ಬರ್ತೀನಲ್ಲ" ಎಂದು ಕೋಚ್ ಸರ್ ಗಾಬರಿಯಾದರು. ಗೃಹಪ್ರವೇಶದ ದಿನ ಪಂಕ್ತಿಯಲ್ಲಿ ಎಲೆಯ ಮೇಲೆ ಬಿಸಿ ಬಿಸಿ ಗೋಧಿ ಹುಗ್ಗಿ ಬಿತ್ತು. ಅವರ ಮುಖ ಗಂಭೀರವಾಯಿತು. ಎದ್ದು ನಿಂತು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಬಡಿಸುತ್ತಿದ್ದ ಸಾಹುಕಾರರ ಕೈ ಹಿಡಿದು ಮೆಲ್ಲಗೆ, "ಯಾರು ಹೋದರು?" ಎಂದು ಕೇಳಿದರು. ಅವರಲ್ಲಿ ಸಂತನ ದಿನ ಬಿಟ್ಟರೆ ಬೆಂದ ಗೋಧಿ ಬಡಿಸುವುದು ಯಾರಾದರೂ ಸತ್ತಾಗಲೇ. ಶುಭಕಾರ್ಯದ ಮನೆಯಲ್ಲಿ ಆ ಮಾತು! ಪಂಕ್ತಿಗೆ ಪಂಕ್ತಿಯೇ ಕೈ ನಿಲ್ಲಿಸಿತು. ಸಾಹುಕಾರರು ಸೌಟು ಹಿಡಿದುಕೊಂಡೇ, "ಯಾರೂ ಹೋಗಿಲ್ಲೋ ಪುಣ್ಯಾತ್ಮ, ಎಲ್ಲಾರೂ ಬಂದಾರೆ. ಕೂಡು, ಉಣ್ಣು" ಎಂದು ಇನ್ನೊಂದು ಸೌಟು ಹಾಕಿದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ನಮ್ಮ ಮೈದಾನದ ಗೋಲಿನ ಕಂಬಗಳನ್ನು ನಾವಿಬ್ಬರೇ ಮಾಡಿಸಿದ್ದೆವು. ಗುತ್ತೂರಿನ ಒಂದು ವರ್ಕ್‌ಶಾಪಿನಲ್ಲಿ ಪೈಪು ಕೊಯ್ಯಿಸಿ, ಬೆಸುಗೆ ಹಾಕಿಸಿ, ಟ್ರ್ಯಾಕ್ಟರಿನಲ್ಲಿ ತಂದು, ಎರಡು ಭಾನುವಾರ ಕೂತು ಬಿಳಿ ಬಣ್ಣ ಬಳಿದಿದ್ದೆವು. ಆರನೆಯ ವರ್ಷ ಶಾಲೆಯವರು ಫುಟ್‌ಬಾಲ್ ನಿಲ್ಲಿಸಿ, ಮೈದಾನದಲ್ಲಿ ಕ್ರಿಕೆಟ್ಟಿನ ಬಲೆ ಹಾಕಿಸುವುದೆಂದು ತೀರ್ಮಾನಿಸಿದರು. ಒಂದು ಭಾನುವಾರ ಬೆಳಿಗ್ಗೆ ಆಫೀಸಿನಿಂದ ಫೋನು ಬಂತು. ಗ್ಯಾಸ್ ಕಟರ್ ಹಿಡಿದು ಆಳು ಬರುತ್ತಾನೆ, ನಿಂತು ಕಂಬ ತೆಗೆಸು ಎಂದರು. ಕೋಚ್ ಸರ್‌ಗೆ ಗೊತ್ತೇ ಎಂದು ನಾನು ಕೇಳಬಹುದಿತ್ತು. ಹತ್ತು ನಿಮಿಷ ದೂರದ ಅವರ ಮನೆಗೆ ಹೋಗಿ ಹೇಳಬಹುದಿತ್ತು. ಹೇಳಿದರೆ ಅವರು ಬಂದು ಜಗಳವಾಡುತ್ತಾರೆ, ನನ್ನ ಕೆಲಸಕ್ಕೆ ಕುತ್ತು ಬರುತ್ತದೆ ಎಂದು ಸುಮ್ಮನಾದೆ. ಕಂಬ ಬೀಳುವಾಗ ಒಂದು ತುದಿಯನ್ನು ನಾನೇ ಹಿಡಿದಿದ್ದೆ.

ಸೋಮವಾರ ಅವರು ಬಂದು, ಕಂಬದ ಬುಡ ಕಿತ್ತ ನಾಲ್ಕು ಕುಣಿ ನೋಡಿದರು. "ಆಫೀಸಿಂದ ಹೇಳಿದ್ರು ಸರ್" ಅಂದೆ. "ಗೊತ್ತು" ಅಂದರು. ಸಾಮಾನಿನ ಕೋಣೆಗೆ ಹೋಗಿ ಗೋಲಿನ ಬಲೆಗಳನ್ನು ಬಿಡಿಸಿ, ಸಿಕ್ಕು ತೆಗೆದು, ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟರು. ಇನ್ನು ಯಾರೂ ಕಟ್ಟದ ಬಲೆಗಳು.

ಅದಾಗಿ ಹತ್ತು ದಿನಕ್ಕೆ ಅವರ ಸಂತನ ದಿನ. ಹೆಂಡತಿ ಬೆಳಿಗ್ಗೆಯೇ ಸೀರೆ ತೆಗೆದಿಟ್ಟಿದ್ದಳು. "ಏಳ್ರಿ, ಹೋಗೋಣ" ಅಂದಳು.

"ಯಾವ ಮುಖ ಇಟ್ಕೊಂಡು ಹೋಗ್ಲೆ? ಬ್ಯಾಡ."

"ಅವ್ರು ಏನಾದ್ರೂ ಅಂದ್ರಾ?"

"ಅಂದಿದ್ರೆ ಹೋಗ್ತಿದ್ದೆ."

ನಾನು ಹೋಗಲಿಲ್ಲ. ನಾನಿಲ್ಲದೆ ಅವಳೂ ಹೋಗಲಿಲ್ಲ. ವಾರದ ಮೇಲೆ ಮಂಡಿಪೇಟೆಯಲ್ಲಿ ಸಾಹುಕಾರರು ಹೇಳಿದರು. "ಮೇಜಿನ ಮ್ಯಾಲೆ ಒಂದು ತಟ್ಟೆ ಬ್ಯಾರೆ ಇಟ್ಟಿದ್ದ. ಯಾರ್ದು ಅಂದೆ. ಅಣ್ಣಂದು ಅಂದ. ನಾ ಹೊರಡೋತನಕ ಅವ ಕೂಡ್ಲೇ ಇಲ್ಲ. ಎಲ್ಲಿ ಹೋಗಿದ್ಯೋ ನೀನು?" ನಾನು ಜ್ವರ ಬಂದಿತ್ತು ಅಂದೆ.

ಏಪ್ರಿಲ್‌ನಲ್ಲಿ ಅವರ ಕರಾರು ಮುಗಿಯಿತು. ಆ ನಾಲ್ಕು ತಿಂಗಳೂ ಒಂದೇ ಬಸ್ಸಿನಲ್ಲಿ ಹೋಗಿಬಂದೆವು, ಹವೆಯ ಬಗ್ಗೆ, ಬಸ್ಸಿನ ಬಗ್ಗೆ ಮಾತಾಡಿದೆವು. ಹರಿಹರದ ರೈಲ್ವೆ ನಿಲ್ದಾಣಕ್ಕೆ ನಾನೇ ಅವರ ಟ್ರಂಕು ಹೊತ್ತೆ. ರೈಲು ಬಂತು. ಸಾಮಾನು ಏರಿಸಿದೆ. ಈಗಲಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಬಾಗಿಲಲ್ಲಿ ನಿಂತು, ನನ್ನ ಭುಜದ ಮೇಲೆ ಕೈಯಿಟ್ಟು ಕೇಳಿದರು.

"ಅಣ್ಣ, ಸಿಟ್ಟಾ?"

ನನಗೆ ಅರ್ಥವಾಗಲಿಲ್ಲ.

"ಡಿಸೆಂಬರ್. ನೀನು ಬರಲಿಲ್ಲ. ನಾನು ಏನು ತಪ್ಪು ಮಾಡಿದೆ?"

ಬಂದ ವರ್ಷ ಊದಿದ ಕಾಲು ಚಾಚಿಕೊಂಡು ಕೇಳಿದ ಅದೇ ಪ್ರಶ್ನೆ. ನಾನು ನಾಚಿಕೆಯಿಂದ ದೂರ ಉಳಿದಿದ್ದೆ. ಅವರು ಅದನ್ನು ತಮ್ಮ ಊರಿನ ಆ ಡಿಸೆಂಬರಿನ ಜೊತೆ ಕೂಡಿಸಿಕೊಂಡಿದ್ದರು. ಮೈದಾನ ಉಳಿಸಿಕೊಳ್ಳಲಿಲ್ಲ ಎಂದೋ ಏನೋ, ನಾನು ಅವರ ಮೇಲೆ ಮುನಿದಿದ್ದೇನೆ ಎಂದು ನಾಲ್ಕು ತಿಂಗಳು ನನ್ನ ಪಕ್ಕದ ಸೀಟಿನಲ್ಲೇ ಕೂತು ಯೋಚಿಸಿದ್ದರು. ಅಷ್ಟರಲ್ಲಿ ರೈಲು ಹೊರಟಿತು. ಪಕ್ಕದಲ್ಲಿ ಓಡುತ್ತಾ, "ಇಲ್ಲ ಸರ್! ತಪ್ಪು ನಂದು!" ಎಂದು ಕೂಗಿದೆ. ಅವರು ಕಿವಿಗೆ ಕೈಯಿಟ್ಟರು. ಆಮೇಲೆ ಆ ಕೈ ಎತ್ತಿ ಬೀಸಿದರು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಫೋನಿನಲ್ಲಿ ಬರೆಯಬಹುದಿತ್ತು. ಇಂಥ ಮಾತನ್ನು ಮಗಳ ಕೈಯಲ್ಲಿ ಬರೆಸುವುದು ಹೇಗೆ ಎಂದು ಮುಂದೂಡಿದೆ. ಡಿಸೆಂಬರ್ ಬರಲಿ, ಆ ದಿನ ಫೋನ್ ಹಚ್ಚಿ ಬಾಯಿಬಿಟ್ಟೇ ಹೇಳುತ್ತೇನೆ ಎಂದುಕೊಂಡೆ. ಸಾವಿನ ಸುದ್ದಿ ಬಂದಾಗ ಡಿಸೆಂಬರಿಗೆ ಒಂದೇ ತಿಂಗಳಿತ್ತು.

ಅವರಿಗೆ ಮಕ್ಕಳಿರಲಿಲ್ಲ, ಅಣ್ಣತಮ್ಮಂದಿರೂ ಇಲ್ಲ. ಅಕ್ಕ ಮದುವೆಯಾಗಿ ಹೋದ ಮನೆಗೆ ಬೇರೆ ಸಂತ. ಆ ಮನೆತನದ ಬತ್ತಿ ಹಚ್ಚುವವರು ಇನ್ನು ಯಾರೂ ಇಲ್ಲ ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಮೊನ್ನೆ ಆ ದಿನ ಬಂತು. ಮುನ್ನಾದಿನವೇ ಹೆಂಡತಿ ಏನೂ ಕೇಳದೆ ಮೊರದಲ್ಲಿ ಗೋಧಿ ಹಾಕಿಕೊಂಡು ಕಲ್ಲು ಆರಿಸಲು ಕೂತಳು. ಬೆಳಿಗ್ಗೆ ಬೇಯಿಸಿದಳು. ತುಪ್ಪ ಹಾಕಲಿಲ್ಲ. ಅವರ ಸಂತನ ಚಿತ್ರ ನಮ್ಮಲ್ಲಿಲ್ಲ. ಬೇವಿನ ಬುಡದ ಗುಡ್ಡೆಯಿಂದ ತಂದ ಒಂದು ಬೆಣಚುಕಲ್ಲನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ದೊಡ್ಡ ಮೇಣದ ಬತ್ತಿ ಹಚ್ಚಿದೆ. ಒಂದು ತಟ್ಟೆ ಬೇರೆ ಇಟ್ಟೆ. ಬಾಗಿಲು ತೆರೆದು ನಿಂತೆ.

ಸಾವಿನ ಸುದ್ದಿಯನ್ನು ಸಾಹುಕಾರರಿಗೆ ಆಗಲೇ ಮುಟ್ಟಿಸಿದ್ದೆ, ಈ ದಿನದ ಬಗ್ಗೆ ಯಾರಿಗೂ ಹೇಳಿರಲಿಲ್ಲ. ಸಾಹುಕಾರರಿಗೆ ಮಂಡಿಯ ನೋವು ಹೆಚ್ಚಾಗಿ ಅವರು ಅಂಗಡಿಗೂ ಬರುವುದು ಬಿಟ್ಟಿದ್ದಾರೆಂದು ಕೇಳಿದ್ದೆ. ಹತ್ತಾಯಿತು, ಹನ್ನೆರಡಾಯಿತು. ಓಣಿಯ ಮಂದಿ ಹಗಲಲ್ಲಿ ಬತ್ತಿ ಉರಿಯುವುದನ್ನು ನೋಡಿಕೊಂಡು ಮುಂದೆ ಹೋದರು. "ಸ್ವಲ್ಪ ಕೂಡ್ರಿ. ಯಾರ್ ಬರ್ತಾರೆ, ಯಾರ್ನೂ ಕರೆದಿಲ್ಲ ನಾವು" ಅಂದಳು ಹೆಂಡತಿ. ಕಾಲು ಜೋಮು ಹಿಡಿದಿತ್ತು. ಹದಿಮೂರು ಗಂಟೆ ನಿಲ್ಲುವುದು ಎಂದರೇನೆಂದು ನನಗೆ ಆಗ ತಿಳಿಯಿತು.

ಮೂರರ ಹೊತ್ತಿಗೆ ಓಣಿಯ ತಿರುವಿನಲ್ಲಿ ಆಟೋ ನಿಂತ ಸದ್ದಾಯಿತು. ಸಾಹುಕಾರರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಅಕ್ರೋಟಿನ ಪೊಟ್ಟಣ. ಪ್ರತಿ ಹೆಜ್ಜೆಗೂ ನಿಂತು ನಿಂತು ಬಂದರು. ಹೊಸ್ತಿಲಲ್ಲಿ ಉಸಿರು ತಿರುಗಿಸಿಕೊಂಡರು. ನಾನು ರೂಢಿಯ ಮಾತನ್ನೇ ಕೇಳಿದೆ.

"ಹರಿಹರದಾಗೆ ಏನಾದ್ರೂ ಕೆಲ್ಸ ಇತ್ತೇನ್ರಿ ಸಾವ್ಕಾರ್ರೆ?"

"ಯಾವ ಕೆಲ್ಸನೂ ಇರ್ಲಿಲ್ಲ" ಅಂದರು. "ಇದಕ್ಕೇ ಬಂದೀನಿ."

ಒಂದು ಚಮಚ ಗೋಧಿ ಬಾಯಿಗಿಟ್ಟು ನಿಧಾನ ಅಗಿದರು. ಬೇರೆ ಇಟ್ಟಿದ್ದ ತಟ್ಟೆಯನ್ನು ನೋಡಿದರು. ಯಾರದೆಂದು ಕೇಳಲಿಲ್ಲ. ಕುರ್ಚಿಯಲ್ಲಿ ಕೂತು, ಪಕ್ಕದ ಕುರ್ಚಿಯನ್ನು ಕೋಲಿನಿಂದ ನನ್ನ ಕಡೆ ಸರಿಸಿದರು.

"ಇನ್ನಾರ ಕೂಡಪ್ಪ."

"ಇನ್ನೂ ಹೊತ್ತೈತ್ರಿ" ಅಂದೆ.

ಮೇಣದ ಬತ್ತಿ ಇನ್ನೂ ಒಂದು ಗೇಣು ಉಳಿದಿತ್ತು.